ಬೇಲಿಗೂಟದ ಮರ ಯಾರದು?

ಮಲೆನಾಡಿನಲ್ಲಿ ಬೇಲಿ ಕಟ್ಟುವುದಕ್ಕೂ ಒಂದು ಕಾಲವಿತ್ತು. ಅಡಿಕೆ ಸುಲಿತ ಮುಗಿದಿರಬೇಕು, ಮೊದಲ ಮಳೆಗೆ ಇನ್ನೂ ನಾಲ್ಕಾರು ವಾರ ಇರಬೇಕು. ಆಗ ಕತ್ತಿ ಹಿಡಿದು ಬೆಟ್ಟಕ್ಕೆ ಹೋಗಿ ಗೂಟ ಕಡಿದು ಹೊತ್ತು ತರುತ್ತಿದ್ದರು. ಸಸಿ ಮೇಲೇಳುವ ಮೊದಲೇ ಗದ್ದೆಗೆ ಬೇಲಿ ಬೀಳದಿದ್ದರೆ ಆ ವರ್ಷದ ಬೆಳೆ ಊರ ದನಗಳ ಪಾಲು.

ಗೂಟ ನೆಡುವುದು ನೋಡಲು ಸುಲಭ. ಬೇಸಿಗೆಯಲ್ಲಿ ಕಲ್ಲಿನಂತಾದ ಕೆಮ್ಮಣ್ಣಿಗೆ ಹಾರೆ ಹಾಕಿದವರಿಗೇ ಅದರ ಕಷ್ಟ ಗೊತ್ತು. ಗುಂಡಿಯ ಬಾಯಿ ಕಿರಿದಾಗಿರಬೇಕು, ಆಳ ಮೊಳಕ್ಕೆ ಕಡಿಮೆಯಾಗಬಾರದು. ಗೂಟ ಇಳಿಸಿ, ಸುತ್ತ ಕಲ್ಲುಚೂರು ಕೊಟ್ಟು, ಮಣ್ಣನ್ನು ಸ್ವಲ್ಪಸ್ವಲ್ಪವೇ ತುಂಬುತ್ತ ಹಾರೆಯ ಮೊಂಡು ತುದಿಯಿಂದ ಜಡಿಯಬೇಕು. ಒಂದೇ ಸಲ ಮಣ್ಣು ಸುರಿದು ಮೇಲೆ ಮಾತ್ರ ತುಳಿದರೆ, ಹೊರಗಿನಿಂದ ಗಟ್ಟಿಯಾಗಿ ಕಂಡ ಗೂಟ ಆಷಾಢದ ಮಳೆಗೆ ವಾಲುತ್ತದೆ. ಮರ ಕೆಡುವುದು ಗುಂಡಿಯ ತಳದಲ್ಲಿ ಅಲ್ಲ, ನೆಲಮಟ್ಟದಲ್ಲಿ. ನೀರು, ಗಾಳಿ ಎರಡೂ ಸಿಗುವುದು ಅಲ್ಲಿ. ಒರಲೆಯೂ ಅಲ್ಲಿಂದಲೇ ಏರುತ್ತದೆ. ಅದಕ್ಕೇ ಗೂಟದ ಬುಡವನ್ನು ಬೆಂಕಿಯಲ್ಲಿ ಕರಿಯಾಗುವವರೆಗೆ ಸುಡುವ ರೂಢಿ ಬಂತು. ಗೇರುಬೀಜ ಸುಲಭವಾಗಿ ಸಿಗುವ ಕಡೆ ಅದರ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಒರಲೆಯನ್ನು ದೂರವಿಡುವ ಆ ಎಣ್ಣೆ ಬಳಿಯುವವರ ಕೈಯನ್ನೂ ಬಿಡುತ್ತಿರಲಿಲ್ಲ. ತಾಗಿದಲ್ಲೆಲ್ಲ ಚರ್ಮ ಸುಟ್ಟು ಬೊಕ್ಕೆ ಏಳುತ್ತಿತ್ತು.

ಜಂಬೆ, ಬೋಗಿಯಂಥ ಮರದ ಕೆಚ್ಚು ಸಿಕ್ಕರೆ ಗೂಟ ವರ್ಷಗಟ್ಟಲೆ ನಿಲ್ಲುತ್ತದೆ. ಆದರೆ ಸಾಮಾನ್ಯ ರೈತನ ಬೇಲಿಗೆ ಅಂಥ ಮರ ಸಿಗುವುದು ಅಪರೂಪವಾಗಿತ್ತು, ಮತ್ತು ಅದು ಕಾಡಿನ ಬಡತನದಿಂದಲ್ಲ. ಬೇಲಿಗೂಟದ ಇತಿಹಾಸ ಎಂದರೆ ಹೆಚ್ಚಿನ ಪಾಲು ಮರದ ಒಡೆತನದ ಇತಿಹಾಸ.

ಶ್ರೀಗಂಧವನ್ನೇ ನೋಡಿ. ಅದು ಬೇರೆ ಗಿಡಗಳ ಬೇರಿಗೆ ಬೇರು ತಗುಲಿಸಿ ಬದುಕುವ ಮರ. ಹಕ್ಕಿ ಉದುರಿಸಿದ ಬೀಜ ಬೇಲಿಸಾಲಿನಲ್ಲಿ ಮೊಳೆತು, ಪಕ್ಕದ ಗಿಡಗಳ ಆಸರೆಯಲ್ಲಿ ಬೆಳೆಯುತ್ತದೆ. 1792ರಲ್ಲಿ ಟಿಪ್ಪುವಿನ ಆಳ್ವಿಕೆಯಲ್ಲಿ ಗಂಧ ರಾಜವೃಕ್ಷವಾಯಿತು. ಮುಂದೆ ಮೈಸೂರು ಅರಸರೂ, ಆಮೇಲೆ ಬಂದ ಸರ್ಕಾರಗಳೂ ಆ ಹಕ್ಕನ್ನು ಬಿಡಲಿಲ್ಲ. ರೈತನ ಹಿಡುವಳಿಯಲ್ಲಿ, ಅವನೇ ಕಟ್ಟಿದ ಬೇಲಿಯಲ್ಲಿ, ಅವನ ಕಣ್ಣೆದುರಿಗೇ ಬೆಳೆದ ಮರ ಅವನದಲ್ಲ. ಅದನ್ನು ಕಾಯುವ ಹೊಣೆ ಮಾತ್ರ ಅವನ ಮೇಲೆ. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾದ ಮೇಲಷ್ಟೇ ತನ್ನ ನೆಲದ ಗಂಧಕ್ಕೆ ರೈತ ಒಡೆಯನಾದ. ಇನ್ನೂರು ವರ್ಷ ನಡೆದುಬಂದ ಈ ಅನ್ಯಾಯವನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ.

ಉತ್ತರ ಕನ್ನಡದ ಕಥೆ ಬೇರೆ. 1862ರಲ್ಲಿ ಆ ಜಿಲ್ಲೆ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆ ಬಂದಾಗ ಕಾಡಿನ ಹಿಡಿತ ಬಿಗಿಯಾಯಿತು. ಶಿರಸಿ ಕಡೆಯ ಅಡಿಕೆ ತೋಟಿಗರಿಗೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ಏರ್ಪಾಡು ನಿಂತಿತು. ಸೊಪ್ಪು, ದರಕು ತರುವ ಸವಲತ್ತು ತೋಟಿಗರದು, ಬೆಲೆಬಾಳುವ ಮರ ಸರ್ಕಾರದ್ದು. ಹೀಗಾಗಿ ಬೇಲಿಗೆ ಉಳಿದದ್ದು ಕಾಡುಜಾತಿಯ ಸಣ್ಣ ಗಳ, ಬಿದಿರುಮುಳ್ಳು, ತೋಟದಲ್ಲಿ ಬಿದ್ದ ಅಡಿಕೆ ಮರ ಸೀಳಿದ ದಬ್ಬೆ. ಒಂದೆರಡು ಮಳೆಗಾಲಕ್ಕೇ ಗೂಟ ಲಡ್ಡಾಗಿ ಮುರಿದು ಬೀಳುತ್ತಿತ್ತು. ಮತ್ತೆ ಹಾರೆ, ಮತ್ತೆ ಗುಂಡಿ.

ದನಗಳನ್ನು ಬಯಲಿಗೆ ಬಿಟ್ಟು ಮೇಯಿಸುವ ಊರಿನಲ್ಲಿ ಬೇಲಿಯ ಭಾರ ಬೆಳೆ ಇಟ್ಟವನ ಮೇಲೆ. 1871ರ ಜಾನುವಾರು ಅತಿಕ್ರಮಣ ಕಾಯ್ದೆ ಬಂದು, ಬೆಳೆ ಮೇಯ್ದ ದನವನ್ನು ದೊಡ್ಡಿಗೆ ಹೊಡೆದು ದಂಡ ಕಟ್ಟಿಸುವ ಹಕ್ಕು ಕೊಟ್ಟಿತು. ಆದರೆ ಕಾಯ್ದೆಯಿಂದ ಮೇಯ್ದ ಪೈರು ತಿರುಗಿ ಬರುವುದಿಲ್ಲವಲ್ಲ! ಬೇಲಿ ಬೇಕೇ ಬೇಕಿತ್ತು.

ಈ ಇಕ್ಕಟ್ಟಿಗೆ ರೈತರು ಕಂಡುಕೊಂಡ ಜಾಣತನವೇ ಚಿಗುರುವ ಗೂಟ. ಹಾಲವಾಣದ ಕೊಂಬೆಯನ್ನು ಮಳೆಗೆ ಮುಂಚೆ ಕಡಿದು ನೆಟ್ಟರೆ ಬೇರು ಬಿಡುತ್ತದೆ. ಮಧ್ಯ ಅಮೆರಿಕ ಮೂಲದ ಗ್ಲಿರಿಸಿಡಿಯಾ ಬಂದ ಮೇಲೆ ಅದೂ ಇದೇ ಕೆಲಸಕ್ಕೆ ಒದಗಿತು. ಅದರ ಸೊಪ್ಪು ಗದ್ದೆಗೆ ಒಳ್ಳೆಯ ಗೊಬ್ಬರವಾದ್ದರಿಂದ ಗೊಬ್ಬರದ ಗಿಡ ಎಂದೇ ಹೆಸರಾಯಿತು. ಜೀವವಿರುವ ಗೂಟ ಸತ್ತ ಗೂಟದಂತೆ ನೆಲಮಟ್ಟದಲ್ಲಿ ಕೊಳೆಯುವುದಿಲ್ಲ, ವರ್ಷ ಕಳೆದಂತೆ ದಪ್ಪವಾಗುತ್ತದೆ. ಅದರ ಕೊಂಬೆಗಳೇ ಮುಂದಿನ ಬೇಲಿಗೆ ಗೂಟ. ಕಾಡಿನ ಮರ ಕೇಳಬೇಕಾಗಿಯೇ ಇಲ್ಲ.

ಬಯಲುಸೀಮೆಯವರು ಜೀವಂತ ಬೇಲಿಯಿಂದ ಪೆಟ್ಟನ್ನೂ ತಿಂದರು. ಅಮೆರಿಕ ಖಂಡದಿಂದ ಬಂದ ಪಾಪಾಸುಕಳ್ಳಿಯಲ್ಲಿ ಕೆಂಪು ಬಣ್ಣ ಕೊಡುವ ಕೀಟ ಸಾಕುವ ಆಸೆ ಈಸ್ಟ್ ಇಂಡಿಯಾ ಕಂಪನಿಗಿತ್ತು. 1795ರಲ್ಲಿ ಬ್ರೆಜಿಲ್‌ನಿಂದ ತರಿಸಿದ್ದು ಬೇರೆ ಜಾತಿಯ ಕೀಟವಾಗಿ, ಬಣ್ಣದ ವ್ಯಾಪಾರ ಕೈಗೂಡಲಿಲ್ಲ. ಕಳ್ಳಿ ಮಾತ್ರ ಹೊಲದ ಬೇಲಿಯಾಗಿ ಉಳಿದು, ಬೇಲಿ ದಾಟಿ ಹೊಲಕ್ಕೂ ಗೋಮಾಳಕ್ಕೂ ಹಬ್ಬಿತು. ದಕ್ಷಿಣ ಭಾರತದಲ್ಲಿ ಅದರ ಹಾವಳಿ ತಗ್ಗಿದ್ದು 1926ರಲ್ಲಿ ಶ್ರೀಲಂಕಾದಿಂದ ಇನ್ನೊಂದು ಜಾತಿಯ ಕೀಟ ತಂದು ಬಿಟ್ಟ ಮೇಲೆ.

ಆಮೇಲೆ ಬಂದದ್ದು ಮುಳ್ಳುತಂತಿ. 1874ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಜೋಸೆಫ್ ಗ್ಲಿಡನ್ ಎಂಬ ರೈತ ಪೇಟೆಂಟ್ ಪಡೆದ ಈ ಸರಕು ನಮ್ಮ ಹಳ್ಳಿಗೂ ಬಂದು ಗೂಟದ ಲೆಕ್ಕವನ್ನೇ ಬದಲಿಸಿತು. ಮುಳ್ಳಿನ ಬೇಲಿಗೆ ಹತ್ತಿರಹತ್ತಿರ ನೆಟ್ಟ ಸಣ್ಣ ಗೂಟ ಸಾಕಿತ್ತು. ತಂತಿ ಹಾಗಲ್ಲ, ಎಳೆಯುತ್ತದೆ. ಅದಕ್ಕೆ ದೂರದೂರ ನಿಂತ, ಅಲುಗಾಡದ ಕಂಬ ಬೇಕು. ಮೂಲೆಯ ಕಂಬಕ್ಕೆ ಓರೆಯಾಗಿ ಊರೆ ಕೊಡಲೇಬೇಕು. ಮಣ್ಣಿನೊಳಗೆ ಕೊಳೆಯುವ ಮರ ಇದಕ್ಕೆ ಒಗ್ಗದೆ, ಬಯಲುಸೀಮೆಯಲ್ಲಿ ಬಂಡೆ ಸೀಳಿ ತೆಗೆದ ಕಲ್ಲುಕಂಬ ಆ ಜಾಗಕ್ಕೆ ಬಂತು. ಈಗ ಲಾರಿ ಏರಿ ಮಲೆನಾಡಿಗೂ ಬರುತ್ತದೆ.

ಮರ ಕೊನೆಯವರೆಗೆ ಉಳಿದುಕೊಂಡದ್ದು ಬೇಲಿಯ ಬಾಗಿಲಲ್ಲಿ. ಕುವೆಂಪು ಕಾದಂಬರಿ ಓದಿದವರಿಗೆ ಉಣುಗೋಲು ಎಂಬ ಮಾತು ಪರಿಚಯವಿರುತ್ತದೆ. ದಾರಿಯ ಎರಡೂ ಬದಿಗೆ ದಪ್ಪನೆಯ ಕಂಬ, ಅದರಲ್ಲಿ ಸಾಲಾಗಿ ಕೊರೆದ ತೂತು, ತೂತಿನಿಂದ ತೂತಿಗೆ ಅಡ್ಡ ಸರಿಸುವ ಗಳ. ಗಾಡಿ ಬಂದರೆ ಎಲ್ಲ ಗಳವನ್ನೂ ಸರಿಸಬೇಕು, ಆಳು ದಾಟಲು ಎರಡು ಸರಿಸಿದರೆ ಸಾಕು. ಬೇಲಿಗೆಂದು ಆರಿಸಿದ ಒಳ್ಳೆಯ ಕೆಚ್ಚು ಏನಾದರೂ ಇದ್ದರೆ ಅದು ಈ ಎರಡು ಕಂಬಗಳಿಗೇ ಮೀಸಲು. ಸಾಗರ, ಸಿದ್ದಾಪುರದ ಕಡೆ ಕಬ್ಬಿಣದ ಗೇಟು ಬಂದ ಮೇಲೂ ಇಂಥ ಕಂಬ ಅಲ್ಲಲ್ಲಿ ನಿಂತಿವೆ. ತಲೆತಲಾಂತರ ಗಳ ಸರಿಸಿ ಸರಿಸಿ ತೂತಿನ ಅಂಚು ಕನ್ನಡಿಯಂತೆ ನಯವಾಗಿದೆ.