ಅರವತ್ತರಲ್ಲಿ ಹೆಸರಾದ ಹಾಡುಗಾರ್ತಿ: ಮಾಲ್ವಿನಾ ರೆನಾಲ್ಡ್ಸ್

ಅಮೆರಿಕದ ಜಾನಪದ ಶೈಲಿಯ ಗಾಯಕರೆಂದರೆ ಪೀಟ್ ಸೀಗರ್, ಬಾಬ್ ಡಿಲನ್ ಹೆಸರು ಥಟ್ಟನೆ ನೆನಪಾಗುತ್ತವೆ. ಸೀಗರ್ 1963ರಲ್ಲಿ ಹಾಡಿ ಮನೆಮಾತಾಗಿಸಿದ 'ಲಿಟಲ್ ಬಾಕ್ಸಸ್' ಹಾಡನ್ನು ಬರೆದು ರಾಗ ಹಾಕಿದ್ದು ಮಾತ್ರ ಅರವತ್ತು ದಾಟಿದ್ದ ಒಬ್ಬ ಹೆಣ್ಣುಮಗಳು, ಮಾಲ್ವಿನಾ ರೆನಾಲ್ಡ್ಸ್.

1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದರು. ತಂದೆತಾಯಿ ಯಹೂದಿ ವಲಸಿಗರು, ಸಮಾಜವಾದಿಗಳು. ಮೊದಲ ಮಹಾಯುದ್ಧಕ್ಕೆ ಅಮೆರಿಕ ಇಳಿದದ್ದನ್ನು ಅವರು ವಿರೋಧಿಸಿದರೆಂದು ಮಗಳಿಗೆ ಹೈಸ್ಕೂಲ್ ಡಿಪ್ಲೊಮಾ ಕೊಡಲಿಲ್ಲ. ಆದರೂ ಆಕೆ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿ ಬಿ.ಎ., ಎಂ.ಎ. ಮಾಡಿ, ಮೂವತ್ತರ ದಶಕದ ಕೊನೆಗೆ ಡಾಕ್ಟರೇಟ್ ಕೂಡ ಪಡೆದರು. ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಮಾತ್ರ ಸಿಗಲಿಲ್ಲ. ಆರ್ಥಿಕ ಕುಸಿತದ ಕಾಲ. ಜೊತೆಗೆ ಯಹೂದಿ, ಸಮಾಜವಾದಿ, ಮೇಲಾಗಿ ಹೆಂಗಸು. ಯುದ್ಧಕಾಲದಲ್ಲಿ ಬಾಂಬ್ ಕಾರ್ಖಾನೆಯಲ್ಲಿ ದುಡಿದರು. ತಂದೆ ತೀರಿಕೊಂಡ ಮೇಲೆ ಅವರ ಟೈಲರ್ ಅಂಗಡಿ ನೋಡಿಕೊಂಡರು.

ಮಗು ಹುಟ್ಟಿದ ಮೇಲೆ ಎರಡು ವರ್ಷ ಮನೆಯಲ್ಲಿದ್ದು, "ಈ ಗ್ಯಾಪ್ ಯಾಕೆ?" ಎಂದು ಇಂಟರ್‌ವ್ಯೂಗಳಲ್ಲಿ ಕೇಳಿಸಿಕೊಂಡವಳು ನಾನು. ಮಾಲ್ವಿನಾ ಅವರ ರೆಸ್ಯೂಮೆ ನಮ್ಮ ಎಚ್‌ಆರ್‌ನವರ ಕೈಗೆ ಸಿಕ್ಕಿದ್ದರೆ ಏನನ್ನುತ್ತಿದ್ದರೋ!

ನಲವತ್ತರ ದಶಕದ ಕೊನೆಗೆ ಸೀಗರ್ ಮೊದಲಾದವರ ಪರಿಚಯವಾಗಿ ಹಾಡು ಬರೆಯತೊಡಗಿದರು. ಆಗ ಅವರ ವಯಸ್ಸು ಐವತ್ತರ ಹತ್ತಿರ. ಸಂಗೀತಶಾಸ್ತ್ರ ಕಲಿಯಲೆಂದು ಮತ್ತೆ ಬರ್ಕ್ಲಿಗೇ ಹೋದರು. 1962ರಲ್ಲಿ ಗಂಡನ ಜೊತೆ ಕಾರಿನಲ್ಲಿ ಹೋಗುವಾಗ ಡೇಲಿ ಸಿಟಿಯ ಗುಡ್ಡದ ಮೇಲೆ ಒಂದೇ ಅಚ್ಚಿನ ಮನೆಗಳ ಸಾಲು ಕಂಡು ಹುಟ್ಟಿದ್ದು 'ಲಿಟಲ್ ಬಾಕ್ಸಸ್'. ದಿನಾ ಹಿಂಜೇವಾಡಿ ದಾರಿಯ ಟವರ್‌ಗಳನ್ನು ದಾಟಿ ಆಫೀಸಿಗೆ ಹೋಗುವ ನಮಗೆ ಆ ವ್ಯಂಗ್ಯ ಬಿಡಿಸಿ ಹೇಳಬೇಕಿಲ್ಲ. ಅಣುಬಾಂಬ್ ಪರೀಕ್ಷೆಗಳಿಂದ ಮಳೆಗೆ ಬೆರೆಯುವ ವಿಷದ ಬಗ್ಗೆ ಲಾಲಿಯಷ್ಟೇ ಮೆತ್ತಗಿನ ಹಾಡೊಂದನ್ನು ಬರೆದರು. ಅದನ್ನು ಜೋನ್ ಬಯೆಜ್ ಹಾಡಿದರು. ನನಗೆ ಹೆಚ್ಚು ಇಷ್ಟ ಅದೇ.

ದೊಡ್ಡ ಕಂಪನಿಗೂ ಒಂದು ಆಲ್ಬಮ್ ಹಾಡಿದ್ದರು. ಆದರೂ ಹಾಡುಗಳ ಹಕ್ಕು ನೋಡಿಕೊಳ್ಳಲು ಷ್ರೋಡರ್ ಮ್ಯೂಸಿಕ್, ರೆಕಾರ್ಡ್ ತರಲು ಕಸಾಂಡ್ರ ರೆಕಾರ್ಡ್ಸ್ ಎಂದು ಸ್ವಂತ ಸಂಸ್ಥೆಗಳನ್ನೇ ಕಟ್ಟಿಕೊಂಡರು. ಇದರಿಂದ ಏನು ಬರೆಯಬೇಕು ಎಂದು ಯಾರನ್ನೂ ಕೇಳುವ ಪ್ರಮೇಯವಿರಲಿಲ್ಲ. 1977ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಅತ್ಯಾಚಾರದ ಮೊಕದ್ದಮೆಯೊಂದರ ವೇಳೆ ನ್ಯಾಯಾಧೀಶರು ಹೆಂಗಸರ ಉಡುಪಿನ ಮೇಲೆ ತಪ್ಪು ಹೊರಿಸುವಂತೆ ಮಾತಾಡಿದರು. ಎಪ್ಪತ್ತೇಳರ ಮಾಲ್ವಿನಾ ಅದರ ಮೇಲೆ ಒಂದು ಹಾಡು ಕಟ್ಟಿದರು. ಆ ಊರಿನ ಮತದಾರರು ಅದೇ ವರ್ಷ ಆ ನ್ಯಾಯಾಧೀಶರನ್ನು ಇಳಿಸಿ, ಆ ಸ್ಥಾನಕ್ಕೆ ಒಬ್ಬ ಮಹಿಳೆಯನ್ನು ಆರಿಸಿದರು. ಇಳಿಸಿದ್ದು ಊರಿನ ಹೆಂಗಸರ ಚಳವಳಿ, ಹಾಡೊಂದೇ ಅಲ್ಲ. ಆದರೆ ಆ ವಯಸ್ಸಿನಲ್ಲಿ, ಎಲ್ಲೋ ದೂರದ ಊರಿನ ಹುಡುಗಿಗಾಗಿ ಪೆನ್ನು ಹಿಡಿದದ್ದು ಸಣ್ಣ ಮಾತೇ?

ಮರುವರ್ಷ ಮಾರ್ಚ್‌ನಲ್ಲಿ ತೀರಿಕೊಂಡರು. 2005ರಲ್ಲಿ ಶುರುವಾದ 'ವೀಡ್ಸ್' ಧಾರಾವಾಹಿಯ ಶೀರ್ಷಿಕೆಗೀತೆಯಾಗಿ ಕೇಳಿಬಂದದ್ದು ಅವರದೇ ದನಿಯ 'ಲಿಟಲ್ ಬಾಕ್ಸಸ್'. ಇಂಪಾದ ಕಂಠವೇನಲ್ಲ, ಸ್ವಲ್ಪ ಒಡಕು. ಬಿಡುವಿದ್ದಾಗ ಯೂಟ್ಯೂಬ್‌ನಲ್ಲಿ ಒಮ್ಮೆ ಕೇಳಿ ನೋಡಿ.