ಟೈಬೀರಿಯಸನ ಬೆಳ್ಳಿ ನಾಣ್ಯದ ಸ್ತ್ರೀಮೂರ್ತಿ

ರೋಮನ್ ಚಕ್ರವರ್ತಿ ಟೈಬೀರಿಯಸನ (ಕ್ರಿ.ಶ. 14–37) ದಿನಾರಿಯಸ್ ಎಂಬ ಬೆಳ್ಳಿ ನಾಣ್ಯಗಳು ದಕ್ಷಿಣ ಭಾರತದಲ್ಲಿ ವಿಪುಲವಾಗಿ ದೊರೆತಿವೆ, ಚಿತ್ರದುರ್ಗದ ಚಂದ್ರವಳ್ಳಿಯೂ ಅಂಥ ಒಂದು ನೆಲೆ. ಇವುಗಳ ಹಿಂಬದಿಯಲ್ಲಿ ರಾಜದಂಡವನ್ನೂ ಕೊಂಬೆಯನ್ನೂ ಹಿಡಿದು ಕುಳಿತ ಸ್ತ್ರೀಯೊಬ್ಬಳಿದ್ದಾಳೆ. ಈಕೆ ರಾಜಮಾತೆ ಲಿವಿಯಾ ಎಂಬುದು ರೂಢಿಯ ಅಭಿಪ್ರಾಯ. ಆದರೆ ಸುತ್ತಲಿರುವ ‘ಪೊಂಟಿಫ್ ಮ್ಯಾಕ್ಸಿಮ್’ ಎಂಬ ಲೇಖವು ಮಹಾಪುರೋಹಿತನೆಂಬ ಅರಸನ ಬಿರುದೇ ಹೊರತು ಆಕೆಯ ಹೆಸರಲ್ಲ. ಕ್ಲಾಡಿಯಸನ (ಕ್ರಿ.ಶ. 41–54) ಬೆಳ್ಳಿ ನಾಣ್ಯಗಳಲ್ಲಾದರೋ ರಾಣಿ ಅಗ್ರಿಪ್ಪಿನಾಳ ಮುಖದೊಡನೆ ಅವಳ ನಾಮವೂ ಅಂಕಿತವಾಗಿದೆ, ಅಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಲಾಂಛನವಾಗಲಿ ಲೇಖವಾಗಲಿ ಇಲ್ಲದ ಜಿನಬಿಂಬವನ್ನು ಇಂಥ ತೀರ್ಥಂಕರರದೆಂದು ನಿರ್ಣಯಿಸುವಾಗ ವಹಿಸುವ ಎಚ್ಚರವೇ ಇಲ್ಲಿಯೂ ಅವಶ್ಯಕ. ಆದುದರಿಂದ ‘ಲಿವಿಯಾ’ ಎಂಬುದನ್ನು ಸಿದ್ಧಾಂತವೆನ್ನದೆ ಊಹೆಯೆಂದೇ ದಾಖಲಿಸುವುದು ಯುಕ್ತ.