ಎಡಿಟರ್ ತೆರೆದಾಗ ವಿಂಡೋ ಎಷ್ಟಗಲ ಇರಬೇಕು?

ಬರೆಯಲೆಂದು ಎಡಿಟರ್ ತೆರೆದರೆ ಒಂದು ದಿನ ವಿಂಡೋ ಅಂಗೈಯಗಲ, ಇನ್ನೊಂದು ದಿನ ಅದರ ಅರ್ಧ ಪರದೆಯಾಚೆ. ಈ ತಂಟೆಯ ಬೇರು ಕಂಪ್ಯೂಟರಿಗಿಂತ ಹಳೆಯದು. 1928ರಲ್ಲಿ ಐಬಿಎಂ ತನ್ನ ತೂತು ಕಾರ್ಡಿಗೆ 80 ಕಾಲಂ ಇಟ್ಟಿತು. 1978ರ ವಿಟಿ100 ಟರ್ಮಿನಲ್ ಅದೇ 80 ಅಕ್ಷರಕ್ಕೆ 24 ಸಾಲು ಸೇರಿಸಿತು, ಡಾಸ್ 25 ಮಾಡಿತು. ಆಗ ಎಡಿಟರೂ ಪರದೆಯೂ ಒಂದೇ ಅಳತೆಯವು, ತಕರಾರಿಗೆ ಜಾಗವೇ ಇರಲಿಲ್ಲ.

ಆಮೇಲೆ ಅಳತೆ ಅಕ್ಷರದಿಂದ ಚುಕ್ಕೆಗೆ ಬಂತು: 1984ರ ಮ್ಯಾಕಿಂಟಾಷ್ ಪರದೆ 512×342 ಚುಕ್ಕೆಗಳದು. ಮರುವರ್ಷದ ವಿಂಡೋಸ್ ಮೊದಲ ಆವೃತ್ತಿ ವಿಂಡೋಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಿತ್ತು. ಒಂದರ ಮೇಲೊಂದು ಕೂರುವ ಸ್ವಾತಂತ್ರ್ಯ ಅವಕ್ಕೆ 1987ರಲ್ಲಿ ಸಿಕ್ಕಿತು. ಎಷ್ಟು ದೊಡ್ಡದು, ಎಲ್ಲಿ ಎಂಬ ಪ್ರಶ್ನೆ ವಿಂಡೋಸ್‌ನಲ್ಲಿ ಹುಟ್ಟಿದ್ದೇ ಆಗ.

ಯುನಿಕ್ಸ್ ಕಡೆಯವರು ಹಳೆಯ ಲೆಕ್ಕ ಬಿಡಲಿಲ್ಲ. ಇಮ್ಯಾಕ್ಸ್, ಜಿವಿಮ್ ಎಡಿಟರ್‌ಗಳಲ್ಲಿ ವಿಂಡೋವನ್ನು ಅಳೆಯುವುದು ಅಕ್ಷರ ಮತ್ತು ಸಾಲುಗಳಿಂದ. ಫಾಂಟ್ ದೊಡ್ಡದಾದರೆ ವಿಂಡೋ ತಾನೂ ಉಬ್ಬುತ್ತದೆ. ಇಮ್ಯಾಕ್ಸ್ ಮೊದಲು ವಿಂಡೋ ತೆರೆದು, ಆಮೇಲೆ ಬಳಕೆದಾರನ ಸೆಟ್ಟಿಂಗ್ ಓದುತ್ತಿತ್ತು. ಹಾಗಾಗಿ ತೆರೆದ ವಿಂಡೋ ಕಣ್ಣೆದುರೇ ಜಿಗಿದು ಅಳತೆ ಬದಲಿಸುತ್ತಿತ್ತು. ವಿಂಡೋ ಮೂಡುವ ಮೊದಲೇ ಓದುವ ಪ್ರತ್ಯೇಕ ಫೈಲ್ ಬಂದದ್ದು 2020ರ 27ನೇ ಆವೃತ್ತಿಯಲ್ಲಿ. ಇಷ್ಟು ಸಣ್ಣ ರಿಪೇರಿಗೆ ಅಷ್ಟು ವರ್ಷ!

ಕನ್ನಡಕ್ಕೆ ಅಕ್ಷರಕ್ಕೊಂದು ಚೌಕವೆಂಬ ಈ ಲೆಕ್ಕ ಒಗ್ಗಲೇ ಇಲ್ಲ. ‘ರ’ಕ್ಕೂ ‘ಮೋ’ಗೂ ಒಂದೇ ಅಗಲ ಕೊಡುವುದು ಹೇಗೆ? ‘ಷ್ಟ್ರ’ ಬಂದರೆ ಒತ್ತುಗಳಿಗೆ ಕೆಳಗೆ ಜಾಗ ಬೇಕು. ಸಾಲು ಎತ್ತರವಾಗುತ್ತದೆ, 24 ಸಾಲಿನ ವಿಂಡೋ ಪರದೆ ಮೀರಲೂಬಹುದು. ಜಿವಿಮ್‌ನಲ್ಲಿ ಗುಣಿತ, ಒತ್ತುಗಳು ಸರಿಯಾಗಿ ಕೂರದಿರುವುದೂ ಇದೇ ಚೌಕದಿಂದ. ಕನ್ನಡ ಟೈಪಿಸಲು 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಗಳು ಬಂದವು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟ್ ತಂದ ಮೇಲೆ ಯೂನಿಕೋಡ್ ಕನ್ನಡ ನೋಟ್‌ಪ್ಯಾಡಿನಲ್ಲೂ ಮೂಡಿತು. ಕನ್ನಡದ ಮಟ್ಟಿಗೆ ಅಕ್ಷರದ ಲೆಕ್ಕ ಬಿಟ್ಟು ಚುಕ್ಕೆಯ ಲೆಕ್ಕ ಹಿಡಿದದ್ದೇ ಸರಿ.

ಮುಂದಿನ ತಂಟೆ ನೆನಪಿನದು. ನೋಟ್‌ಪ್ಯಾಡ್ ಮುಚ್ಚುವಾಗ ತನ್ನ ಜಾಗ, ಅಳತೆಗಳನ್ನು ರಿಜಿಸ್ಟ್ರಿಯಲ್ಲಿ ಬರೆದಿಡುತ್ತಿತ್ತು. ಉಪಾಯ ಒಳ್ಳೆಯದೇ, ಪರದೆ ಬದಲಾಗದಿದ್ದರೆ. ಹಚ್ಚೊಳ್ಳಿಯ ಶಾಲೆಯಲ್ಲಿ ಪ್ರೊಜೆಕ್ಟರಿಗೆ ಜೋಡಿಸಿದ್ದ ಲ್ಯಾಪ್‌ಟಾಪನ್ನು ಮೇಷ್ಟ್ರು ಸಿರುಗುಪ್ಪದ ಮನೆಯಲ್ಲಿ ತೆರೆದರೆಂದುಕೊಳ್ಳಿ. ಹಳೆಯ ಜಾಗವನ್ನೇ ಕುರುಡಾಗಿ ನಂಬುವ ಪ್ರೋಗ್ರಾಂ ಆದರೆ, ಈಗ ಇಲ್ಲದ ಪ್ರೊಜೆಕ್ಟರಿನ ಪರದೆ ಮೇಲೆಯೇ ವಿಂಡೋ ತೆರೆಯುತ್ತದೆ. ಟಾಸ್ಕ್‌ಬಾರಿನಲ್ಲಿ ಹೆಸರುಂಟು, ಎದುರಿಗೆ ಏನೂ ಇಲ್ಲ. ಒತ್ತೊತ್ತಾದ ಚುಕ್ಕೆಗಳ ಹೊಸ ಪರದೆಗಳು ಇದಕ್ಕೆ ಇನ್ನೊಂದು ಗಂಟು ಹಾಕಿದವು: ಇಂಚಿಗೆ 96 ಚುಕ್ಕೆ ಎಂದೇ ನಂಬಿದ್ದ ಹಳೆಯ ಪ್ರೋಗ್ರಾಂ ಅಲ್ಲಿ ಕಿರಿದಾಗಿಯೋ ಮಸುಕಾಗಿಯೋ ಕಾಣುತ್ತದೆ. ಒಂದೊಂದು ಪರದೆಗೆ ಒಂದೊಂದು ಪ್ರಮಾಣವೆಂಬ ಏರ್ಪಾಡು ವಿಂಡೋಸ್‌ಗೆ ಬಂದದ್ದು 2013ರ 8.1ರಲ್ಲಿ.

ಲಿನಕ್ಸಿನಲ್ಲಿ ವಿಂಡೋಗಳನ್ನು ಪರದೆಗೆ ತರುವ ವೇಲ್ಯಾಂಡ್ ಏರ್ಪಾಡು ಬೇರೆ ದಾರಿ ಹಿಡಿದಿದೆ. ಅಲ್ಲಿ ಪ್ರೋಗ್ರಾಂ ತನ್ನ ಅಳತೆ ಹೇಳಬಹುದು, ಜಾಗ ಆರಿಸುವಂತಿಲ್ಲ. ಹಲವರು ಗೊಣಗಿದ್ದಾರೆ, ನನಗೆ ಮಾತ್ರ ಇದು ನ್ಯಾಯವೆನಿಸುತ್ತದೆ. ಯಾವ ಪರದೆ ಉಂಟು, ಯಾವುದು ಹೋಯಿತು ಎಂಬುದು ವ್ಯವಸ್ಥೆಗೆ ತಾನೇ ಗೊತ್ತಿರುವುದು.

ವಿಂಡೋಸ್ ಬಳಸುವವರು ಇಷ್ಟು ನೆನಪಿಡಿ: ಕಳೆದುಹೋದ ವಿಂಡೋವನ್ನು ಟಾಸ್ಕ್‌ಬಾರಿನಲ್ಲಿ ಕ್ಲಿಕ್ಕಿಸಿ, ಆಲ್ಟ್ ಜೊತೆ ಸ್ಪೇಸ್, ನಂತರ ಎಂ ಒತ್ತಿ, ಬಾಣದ ಕೀಲಿಯಿಂದ ಎಳೆದು ತನ್ನಿ. ‘ನುಡಿ’ ತಂತ್ರಾಂಶದ ಕೀಲಿಮಣೆ ಕನ್ನಡದಲ್ಲಿದ್ದರೆ, ಎಂ ಒತ್ತುವ ಮೊದಲು ಇಂಗ್ಲಿಷಿಗೆ ಬದಲಿಸಿಕೊಳ್ಳಿ.